ಮಗುವಾಗಲಿಲ್ಲವೇ? ಇಬ್ಬರೂ ಪರೀಕ್ಷೆಗೆ ಹೋಗೋಣ



ಮದುವೆಯಾಗಿ ಮೂರು ವರ್ಷ. ಮಡಿಲು ತುಂಬಲಿಲ್ಲ. ನಾಗನಿಗೆ ತಂಬಿಲ ಆಯಿತು. ಹರಕೆಯೂ ಆಯಿತು. ಸೊಸೆಗೆ ನಾಲ್ಕು ಸಲ ಸ್ಕ್ಯಾನಿಂಗ್ ಆಯಿತು. ಮಗನಿಗೆ? ಒಂದು ಪರೀಕ್ಷೆಯೂ ಇಲ್ಲ. ಕಾಪು ಇರಲಿ, ಕಾರ್ಕಳ ಇರಲಿ, ಎಷ್ಟೋ ಮನೆಗಳಲ್ಲಿ ಇದೇ ಕತೆ. ಬಂಜೆ ಎಂಬ ಮಾತು ಮಾತ್ರ ನಮಗೇ.

ಇದು ಸರಿಯೇ? ಅಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣ ಇರುತ್ತದೆ.

ಅಂಥ ಒಂದು ಕಾರಣ ತಿಳಿಯೋಣ. ಗಂಡಸಿನ ಬೀಜದಲ್ಲಿ ವೀರ್ಯಾಣು ಹುಟ್ಟುತ್ತದೆ. ಬೀಜಕ್ಕೆ ಅಂಟಿಕೊಂಡು ಸುರುಳಿ ಸುತ್ತಿದ ಸಣ್ಣ ಕೊಳವೆ ಇದೆ. ಬಿಡಿಸಿದರೆ ಸುಮಾರು 6 ಮೀಟರ್! ನಮ್ಮ ಸೀರೆಗಿಂತ ಉದ್ದ. ವೀರ್ಯಾಣು ಅದರಲ್ಲಿ ಹಾದು, ಮುಂದಿನ ಕೊಳವೆಗೆ ಸೇರಿ ಹೊರಗೆ ಬರಬೇಕು. ದಾರಿಯಲ್ಲಿ ಎಲ್ಲಾದರೂ ಕಟ್ಟಿಕೊಂಡರೆ ಬಾರದು. ಬಾವಿಯಲ್ಲಿ ನೀರುಂಟು, ಪೈಪು ಕಟ್ಟಿದೆ. ಹಾಗೆಯೇ ಇದು.

ಯಾಕೆ ಕಟ್ಟುತ್ತದೆ? ಸೋಂಕಿನಿಂದ, ಏಟಿನಿಂದ, ಹಿಂದೆ ಆದ ಹರ್ನಿಯಾ ಆಪರೇಷನ್‌ನಿಂದ ಕಟ್ಟಬಹುದು. ಕೆಲವರಿಗೆ ಹುಟ್ಟಿನಿಂದಲೇ ಕೊಳವೆ ಇರುವುದಿಲ್ಲ. ಇದರಿಂದ ಗಂಡಸುತನ ಕಡಿಮೆಯಾಗುವುದಿಲ್ಲ. ವೀರ್ಯವೂ ಹೆಚ್ಚಿನವರಲ್ಲಿ ಎಂದಿನಂತೆಯೇ ಕಾಣುತ್ತದೆ. ನೋಡಿ ಹೇಳಲು ಆಗುವುದಿಲ್ಲ. ಪರೀಕ್ಷೆಯೇ ಬೇಕು.

ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ. ಅದಕ್ಕೆ ಮೊದಲು 2ರಿಂದ 7 ದಿನ ಗಂಡ ಹೆಂಡತಿ ಸೇರಬಾರದು. ವೀರ್ಯಾಣು ಕಾಣದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ. ರಕ್ತವನ್ನೂ ನೋಡುತ್ತಾರೆ. ವೀರ್ಯಾಣು ಹುಟ್ಟುತ್ತಿಲ್ಲವೋ, ದಾರಿ ಕಟ್ಟಿದೆಯೋ ಎಂದು ತಿಳಿಯುತ್ತಾರೆ.

ದಾರಿ ಕಟ್ಟಿದ್ದರೆ ಸೂಕ್ಷ್ಮ ಆಪರೇಷನ್ ಇದೆ. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ, ಕಟ್ಟಿದ ಜಾಗ ಬಿಟ್ಟು ಕೊಳವೆಯನ್ನು ಮತ್ತೆ ಜೋಡಿಸುತ್ತಾರೆ. ಹೊಲಿಯುವ ನೂಲು ತಲೆಕೂದಲಿಗಿಂತ ಸಪೂರ. ಮಕ್ಕಳು ಬೇಡವೆಂದು ಆಪರೇಷನ್ ಮಾಡಿಸಿ, ಮತ್ತೆ ಬೇಕೆಂದವರಿಗೂ ಹೀಗೆ ಜೋಡಿಸಬಹುದು.

ಫಲ ಕೂಡಲೇ ಬಾರದು. ಕೆಲವು ತಿಂಗಳು, ಕೆಲವರಿಗೆ ಒಂದು ವರ್ಷವೂ ಕಾಯಬೇಕು. ಎಲ್ಲರಿಗೂ ಫಲ ಸಿಗುತ್ತದೆ ಎನ್ನಲಾಗದು. ಆಗ ಬೀಜದಿಂದಲೇ ವೀರ್ಯಾಣು ತೆಗೆದು, ಲ್ಯಾಬಿನಲ್ಲಿ ಹೆಂಡತಿಯ ಅಂಡದೊಳಗೆ ಸೇರಿಸುವ ದಾರಿಯೂ ಇದೆ. ಖರ್ಚೆಷ್ಟು, ಫಲವೆಷ್ಟು ಎಂದು ಮೊದಲೇ ಕೇಳೋಣ. ಕೇಳುವುದು ನಮ್ಮ ಹಕ್ಕು.

ಒಂದು ವರ್ಷ ಕೂಡಿ ಬಾಳಿದರೂ ಬಸುರಾಗದಿದ್ದರೆ ಡಾಕ್ಟರರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮಕ್ಕಳಾಗದವರ ಚಿಕಿತ್ಸೆಗೆ ವಿಭಾಗವೇ ಇದೆ. ಕಾಪುವಿನವರು ಉಡುಪಿಗೆ ಬಂದು ಹೋಗಬಹುದು. ಕಾರ್ಕಳದಿಂದಲೂ ಬಸ್ಸು ಉಂಟು.

ಹರಕೆ ಬೇಡ ಎನ್ನುವುದಿಲ್ಲ. ಜೊತೆಗೆ ಪರೀಕ್ಷೆಯೂ ಆಗಲಿ, ಇಬ್ಬರಿಗೂ ಆಗಲಿ. ಈ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದೋಣ. ಅತ್ತೆಯೂ ಕೇಳಲಿ, ಗಂಡನೂ ಕೇಳಲಿ.