ಕ್ರಾಪಿನಾದ ದವಡೆಹಲ್ಲು ಮತ್ತು ಇಂದಿನ ಕ್ಲಿಪ್

ಹಲ್ಲಿಗೆ ಕ್ಲಿಪ್ ಹಾಕಿದಾಗ ಬೇರಿನ ತುದಿ ಕರಗಬಹುದೆಂಬುದನ್ನು ಅಮೆರಿಕದ ಆಲ್ಬರ್ಟ್ ಕೆಚಮ್ 1920ರ ದಶಕದಲ್ಲೇ ಎಕ್ಸ್‌ರೇಗಳಿಂದ ತೋರಿಸಿದ್ದರೂ, ಬಹುತೇಕರಲ್ಲಿ ಅಲ್ಪವಾಗಿರುವ ಈ ಸವೆತ ಕೆಲವರಲ್ಲಿ ಮಾತ್ರ ಬೇರನ್ನೇ ಮೊಟಕಾಗಿಸುವುದೇಕೆ ಎಂಬ ಪ್ರಶ್ನೆ ಉಳಿದೇ ಇತ್ತು. 1995ರಲ್ಲಿ ಕೋಪನ್‌ಹೇಗನ್ನಿನ ಇಂಗರ್ ಕ್ಯೇರ್ ಅದಕ್ಕೆ ಹಲ್ಲಿನ ಆಕಾರದಲ್ಲೇ ಉತ್ತರ ಹುಡುಕಿದರು: ಬೇರು ಅತಿಯಾಗಿ ಕರಗಿದವರ ಎಕ್ಸ್‌ರೇಗಳಲ್ಲಿ ಒಳಮಡಿಕೆಯ ಬಾಚಿಹಲ್ಲು, ಗಿಡ್ಡ ಅಥವಾ ಸಪೂರ ಬೇರು, ಮೂಡದೇ ಉಳಿದ ಹಲ್ಲು, ಟಾರೊಡಾಂಟ್ ದವಡೆಹಲ್ಲು ಮುಂತಾದ ವೈಚಿತ್ರ್ಯಗಳು ಕಂಡುಬಂದವು.

ಇವುಗಳಲ್ಲಿ ಅತ್ಯಂತ ಕುತೂಹಲಕರವಾದುದು ಟಾರೊಡಾಂಟ್. ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಪೊಳ್ಳು ಭಾಗ ಕೆಳಕ್ಕೆ ಲಂಬಿಸಿ, ಬೇರುಗಳು ತೀರಾ ಕೆಳಗೆ ಕವಲೊಡೆದು ಗಿಡ್ಡಾಗಿ ಉಳಿಯುವ ಈ ಆಕಾರಕ್ಕೆ 1913ರಲ್ಲಿ ಹೆಸರಿಟ್ಟವರು ಅಂಗರಚನಾಶಾಸ್ತ್ರಜ್ಞ ಆರ್ಥರ್ ಕೀತ್. ಕ್ರೊಯೇಷಿಯಾದ ಕ್ರಾಪಿನಾದಲ್ಲಿ 1899ರಿಂದ ಗೋರ್ಯಾನೊವಿಚ್-ಕ್ರಾಂಬರ್ಗರ್ ಅಗೆದು ತೆಗೆದ ನಿಯಾಂಡರ್ಥಲ್ ಹಲ್ಲುಗಳಲ್ಲಿ ಈ ಲಕ್ಷಣ ಎದ್ದುಕಾಣುತ್ತಿದ್ದುದರಿಂದ, ಅದನ್ನು ನಿಯಾಂಡರ್ಥಲರನ್ನು ಬೇರ್ಪಡಿಸುವ ಗುರುತೆಂದೇ ಕೆಲವರು ಭಾವಿಸಿದ್ದುಂಟು. ಮುಂದೆ ಇಂದಿನ ಮನುಷ್ಯರ ಬಾಯಲ್ಲೂ ಅದೇ ಆಕಾರ ಸಿಕ್ಕಿ ಆ ವಾದ ಸಡಿಲಗೊಂಡಿತು. ಬೇರಿಗೆ ರೂಪ ಕೊಡುವ ಹರ್ಟ್‌ವಿಗ್ ಪೊರೆ ಸಕಾಲದಲ್ಲಿ ಒಳಕ್ಕೆ ಮಡಚಿಕೊಳ್ಳದಿದ್ದರೆ ಹೀಗಾಗುತ್ತದೆಂಬುದು ಸಾಮಾನ್ಯ ವಿವರಣೆ. ಪ್ರಾಚೀನ ಮಾನವನ ಗುರುತೆಂದು ಎಣಿಸಿದ್ದ ಹಲ್ಲು ಇಂದಿನ ಹದಿಹರೆಯದವರ ಕ್ಲಿಪ್‌ಗೆ ಮುನ್ನೆಚ್ಚರಿಕೆಯಾಗುವುದೆಂಬ ಕಲ್ಪನೆ ಆಕರ್ಷಕವೇನೋ ಹೌದು.

ಆದರೆ ಕ್ಯೇರ್ ಅವರಂತೆ ಹಾನಿಗೊಳಗಾದವರನ್ನಷ್ಟೇ ನೋಡಿದರೆ, ಅದೇ ವೈಚಿತ್ರ್ಯವಿದ್ದೂ ಸುರಕ್ಷಿತವಾಗಿ ಉಳಿದವರೆಷ್ಟು ಎಂಬುದು ತಿಳಿಯುವುದಿಲ್ಲ. ಲೀ, ಆರ್ಟನ್ ಮತ್ತು ಅಲೊನ್ಸೊ 1999ರಲ್ಲಿ ವೈಚಿತ್ರ್ಯವುಳ್ಳವರನ್ನು ಇಲ್ಲದವರೊಂದಿಗೆ ಹೋಲಿಸಿದಾಗ ಅಪಾಯ ಹೆಚ್ಚೆಂಬುದಕ್ಕೆ ಆಧಾರ ಸಿಗಲಿಲ್ಲ. ಮೊಳೆಯಂತೆ ಕಿರಿದಾದ ಪಕ್ಕದ ಬಾಚಿಹಲ್ಲುಗಳ ಬಗ್ಗೆ 2003ರ ಮತ್ತೊಂದು ಅಧ್ಯಯನವೂ ಅದನ್ನೇ ಹೇಳಿತು.

ಹೆಚ್ಚು ಗಟ್ಟಿಯಾಗಿ ನಿಂತಿರುವುದು ಬೇರಿನ ತುದಿಯ ಸಾಕ್ಷ್ಯ. ಸ್ವೀಡನ್ನಿನ ಲೆವಾಂಡರ್ ಮತ್ತು ಮಾಲ್ಮ್‌ಗ್ರೆನ್ 1988ರಲ್ಲಿ ಮೇಲ್ದವಡೆಯ ಬಾಚಿಹಲ್ಲುಗಳನ್ನು ಪರಿಶೀಲಿಸಿ, ಮೊಂಡು ತುದಿಯ ಬೇರಿಗೂ ಪಿಪೆಟ್‌ನಂತೆ ತುದಿಯಲ್ಲಿ ಹಠಾತ್ತಾಗಿ ಕಿರಿದಾಗುವ ಬೇರಿಗೂ ಅಪಾಯ ಹೆಚ್ಚೆಂದು ಕಂಡುಕೊಂಡರು. ಕ್ಲಿಪ್‌ನ ಒತ್ತಡದಿಂದ ರಕ್ತಸಂಚಾರ ನಿಂತು ನಿರ್ಜೀವವಾದ ಅಂಗಾಂಶವನ್ನು ತೆರವುಗೊಳಿಸಲು ಬರುವ ಜೀವಕೋಶಗಳು ಬೇರಿನ ಹೊದಿಕೆಯಾದ ಸಿಮೆಂಟಮ್ಮನ್ನೂ ಕೆರೆಯುತ್ತವೆ; ಒತ್ತಡ ತಗ್ಗಿದಾಗ ಸಣ್ಣ ಗುಳಿಗಳನ್ನು ಹೊಸ ಸಿಮೆಂಟಮ್ ತುಂಬಬಲ್ಲುದಾದರೂ, ಕಳೆದುಹೋದ ತುದಿ ಮರಳಿ ಬೆಳೆಯದು. ಚಿಕಿತ್ಸೆ ಆರಂಭವಾದ 6ರಿಂದ 9 ತಿಂಗಳೊಳಗೆ ಎಕ್ಸ್‌ರೇ ತೆಗೆದು ಬೇರಿನ ಉದ್ದ ನೋಡಬೇಕೆಂಬ ಸಲಹೆಗೂ, ಸವೆತ ಕಂಡರೆ ತಂತಿಯ ಬಲವನ್ನು 2-3 ತಿಂಗಳು ನಿಲ್ಲಿಸುವ ಪದ್ಧತಿಗೂ ಇದೇ ಆಧಾರ.