ಅಡವಿಗೆ ಸಲ್ಲುವ ದಾನ

ಬೆಳಗಾವಿಯ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಕಾಲದಿಂದಲೂ ಮಗ್ಗಕ್ಕೂ ಸೀರೆಗೂ ಬೆಳ್ಳಿ ಬಂಗಾರದ ವ್ಯವಹಾರಕ್ಕೂ ಹೆಸರಾದ ಪೇಟೆ. ದುಡಿಯಬಲ್ಲ, ದುಡಿದದ್ದನ್ನು ಎಣಿಸಬಲ್ಲ, ಎಣಿಸಿದ್ದರಲ್ಲಿ ಒಂದು ಪಾಲನ್ನು ದೇವರಿಗೂ ವಿದ್ಯೆಗೂ ತೆಗೆದಿರಿಸಬಲ್ಲ ಊರು. ಅಲ್ಲಿಂದ ಖಾನಾಪುರದ ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಹೊಲಗದ್ದೆಗಳು ಹಿಂದುಳಿದು ಸಹ್ಯಾದ್ರಿಯ ಅಡವಿ ಎದುರಾಗುತ್ತದೆ. ಆ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಾಭಿಮುಖವಾಗಿ ಹರಿದು, ಸವದತ್ತಿಯ ಸೀಮೆಯನ್ನು ತಣಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯು ಗೋವೆಯ ಮೂಲಕ ಪಶ್ಚಿಮ ಸಮುದ್ರಕ್ಕಿಳಿಯುತ್ತದೆ. ಎರಡು ದಿಕ್ಕಿನ ನಾಡುಗಳಿಗೆ ನೀರೂಡುವ ಇಂಥ ಅಡವಿಯ ನೆರೆಯಲ್ಲಿರುವ ನಗರಕ್ಕೆ, ತನ್ನ ಸಂಪತ್ತಿನಲ್ಲಿ ಆ ಅಡವಿಯ ಪಾಲೆಷ್ಟು ಎಂಬ ಪ್ರಶ್ನೆ ಎಂದಾದರೂ ಎದುರಾಗಲೇಬೇಕು.

ದಾನದ ವಿಷಯದಲ್ಲಿ ಬೆಳಗಾವಿಯ ಸೀಮೆ ಬಡವಾದುದಲ್ಲ. 1906ರಲ್ಲಿ ದಿವಂಗತರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಅಭ್ಯುದಯಕ್ಕಾಗಿ ಬರೆದಿಟ್ಟು ‘ತ್ಯಾಗವೀರ’ರೆನಿಸಿದರು. 1916ರಲ್ಲಿ ಏಳು ಜನ ಅಧ್ಯಾಪಕರ ಸಂಕಲ್ಪದಿಂದ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಶ್ರೀಮಂತರ ಮನೆಗಳಿಂದ ಕೊಡುಗೆ ಹರಿದುಬಂದಿತು; ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಅದರ ವಿಜ್ಞಾನ ಮಹಾವಿದ್ಯಾಲಯವು ಇಂದಿಗೂ ಹೊತ್ತಿದೆ. ಆದರೆ ಶಾಲೆ, ವಸತಿಗೃಹ, ಧರ್ಮಶಾಲೆ, ಆಸ್ಪತ್ರೆ, ಬಾವಿ ಎಂದು ಸಾಗುವ ಈ ಔದಾರ್ಯದ ಸಾಲಿನಲ್ಲಿ ಅರಣ್ಯ ಕಾಣದು. ಇದು ಕೊಡುವವರ ಕೃಪಣತೆಯಿಂದಾದುದಲ್ಲ. ಶಾಲೆಯನ್ನು ಕಟ್ಟಿಸಿ ಕೊಡಬಹುದು. ಅಡವಿಯನ್ನು ಕಟ್ಟಿಸಲಾಗದು, ಅದರ ಒಡೆತನವು ಸರ್ಕಾರದ್ದಾಗಿರುವುದರಿಂದ ಕೊಂಡು ಕೊಡಲೂ ಆಗದು. ಹಳ್ಳಿಯವರು ಮಾತ್ರ ತಮ್ಮದೇ ರೀತಿಯಲ್ಲಿ ಒಂದಿಷ್ಟು ಕಾಡನ್ನು ದೇವರ ಹೆಸರಿಗೆ ಬಿಟ್ಟು, ಅಲ್ಲಿಯ ಮರಕ್ಕೆ ಕೊಡಲಿ ತಾಗದಂತೆ ಕಾಯ್ದುಕೊಂಡು ಬಂದರು. ದೇವರಾಯಿ, ದೇವರಕಾಡು ಎಂಬ ಆ ಪುಟ್ಟ ವನಗಳೇ ನಮ್ಮ ನಾಡಿನಲ್ಲಿ ಅರಣ್ಯಕ್ಕೆ ಸಂದ ಮೊದಲ ದಾನಗಳೆಂದು ನನ್ನ ಭಾವನೆ.

ಅಮೆರಿಕೆಯಲ್ಲಿ ಈ ಪ್ರಶ್ನೆಗೆ ಬೇರೆ ಬಗೆಯ ಉತ್ತರ ದೊರೆಯಿತು. ಎಣ್ಣೆಯ ವ್ಯಾಪಾರದಿಂದ ಅಪಾರ ಸಂಪತ್ತನ್ನು ಪಡೆದ ರಾಕ್‌ಫೆಲರ್ ಮನೆತನದ ಎರಡನೆಯ ಜಾನ್ ಡಿ. ರಾಕ್‌ಫೆಲರ್, ವಯೋಮಿಂಗ್ ಪ್ರಾಂತ್ಯದ ಟೀಟನ್ ಪರ್ವತಗಳ ತಪ್ಪಲಿನಲ್ಲಿ ದನಗಾಹಿಗಳ ಹೊಲ ಹುಲ್ಲುಗಾವಲುಗಳನ್ನು 1927ರಿಂದ ಒಂದು ಕಂಪನಿಯ ಹೆಸರಿನಲ್ಲಿ ಕೊಳ್ಳತೊಡಗಿ, ಸುಮಾರು 35,000 ಎಕರೆಗಳನ್ನು ಕೂಡಿಹಾಕಿ, ರಾಷ್ಟ್ರಕ್ಕೆ ಒಪ್ಪಿಸಿದನು. 1950ರಲ್ಲಿ ಅದು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಸೇರಿತು. ಕಾರ್ಯವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಳ್ಳುವವನಾರೆಂಬುದನ್ನು ಮಾರುವವರಿಂದ ಮುಚ್ಚಿಟ್ಟಿದ್ದುದರಿಂದ, ನಿಜವು ಹೊರಬಿದ್ದಾಗ ಆ ಕಣಿವೆಯ ಜನರು ಕೆರಳಿದರು. ಕೊಳ್ಳತೊಡಗಿದ ಮೇಲೆ ಆ ಭೂಮಿಯನ್ನು ರಾಷ್ಟ್ರವು ಸ್ವೀಕರಿಸುವುದಕ್ಕೆ ಎರಡು ದಶಕಗಳಿಗೂ ಮಿಕ್ಕಿದ ಕಾಲ ಹಿಡಿಯಿತು. ನಮ್ಮ ಮೈಸೂರಿನ ಕಥೆ ಇನ್ನೊಂದು ತೆರನಾದುದು. ಅರಸುಮನೆತನವು ತನ್ನ ಬೇಟೆಗೆ ಮೀಸಲಾಗಿದ್ದ ಬಂಡೀಪುರದ ಕಾಡಿನಲ್ಲಿ 1931ರಲ್ಲಿ 90 ಚದರ ಕಿಲೋಮೀಟರುಗಳನ್ನು ಅಭಯಾರಣ್ಯವಾಗಿಸಿ, ಹತ್ತು ವರ್ಷಗಳ ಬಳಿಕ ಅದನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ವಿಸ್ತರಿಸಿತು. ಅರಸರದು ತಮ್ಮದೇ ಕಾಡು. ಆದುದರಿಂದ ಕೊಂಡು ಕೊಡುವ ಪ್ರಸಂಗವೇ ಅಲ್ಲಿ ಬರಲಿಲ್ಲ.

ಭೂಮಿಯನ್ನು ಕೊಳ್ಳಲಾಗದ, ಅರಸೊತ್ತಿಗೆಯೂ ಇಲ್ಲದ ಈ ಕಾಲದಲ್ಲಿ, ಸಿರಿವಂತ ಕುಟುಂಬವೊಂದು ಅರಣ್ಯಕ್ಕೆ ಏನನ್ನು ಕೊಡಬಲ್ಲುದು? ಈ ಪ್ರಶ್ನೆಗೆ ಕರ್ನಾಟಕದಲ್ಲಿ ಗಮನಾರ್ಹವಾದ ಒಂದು ಉತ್ತರವನ್ನು ಹುಡುಕುತ್ತಿರುವವರು ನಿಲೇಕಣಿ ದಂಪತಿಗಳು. ನಂದನ ನಿಲೇಕಣಿಯವರ ಮನೆತನದ ಮೂಲ ಶಿರಸಿಯ ಕಡೆಯದು. ಅವರ ಓದಿನ ಒಂದು ಭಾಗ ನಡೆದುದು ಧಾರವಾಡದಲ್ಲಿ. ಅವರ ಪತ್ನಿ ರೋಹಿಣಿ ನಿಲೇಕಣಿಯವರು ಮುಂಬಯಿಯಲ್ಲಿ ಬೆಳೆದು ಪತ್ರಕರ್ತೆಯಾಗಿದ್ದವರು. ಇನ್ಫೋಸಿಸ್ ಆರಂಭವಾದಾಗ ತಾವು ಅದರಲ್ಲಿ ತೊಡಗಿಸಿದ 10,000 ರೂಪಾಯಿಗಳೇ ತಮ್ಮ ಸ್ವಂತ ಸಂಪತ್ತಿಗೆ ಬೀಜವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ನೀರಿನ ಕಾರ್ಯಕ್ಕಾಗಿ ‘ಅರ್ಘ್ಯಂ’ ಸಂಸ್ಥೆಯನ್ನು ಕಟ್ಟಿ ನೂರು ಕೋಟಿ ರೂಪಾಯಿಗಳ ನಿಧಿಯನ್ನು ಕೊಟ್ಟವರು, ಮಕ್ಕಳ ಪುಸ್ತಕಗಳಿಗಾಗಿ 2004ರಲ್ಲಿ ‘ಪ್ರಥಮ್ ಬುಕ್ಸ್’ ಪ್ರಕಾಶನವನ್ನು ಸ್ಥಾಪಿಸಿದವರಲ್ಲೊಬ್ಬರು ಅವರು. 2017ರಲ್ಲಿ ದಂಪತಿಗಳಿಬ್ಬರೂ ತಮ್ಮ ಐಶ್ವರ್ಯದ ಅರ್ಧಭಾಗವನ್ನು ಲೋಕಹಿತಕ್ಕೆ ವಿನಿಯೋಗಿಸುವೆವೆಂದು ಬಹಿರಂಗವಾಗಿ ವಚನವಿತ್ತರು.

ಈ ವಂಶದ ಒಂದು ಬೇರು ಬೆಳಗಾವಿಯ ಮಣ್ಣಿನಲ್ಲಿದೆ ಎಂಬುದನ್ನು ನಮ್ಮ ಊರವರೇ ಮರೆತಿದ್ದಾರೆ. ರೋಹಿಣಿಯವರ ತಂದೆಯ ತಂದೆ ಸದಾಶಿವರಾವ್ ಸೋಮಣರು, ಜನರ ಬಾಯಲ್ಲಿ ಬಾಬಾಸಾಹೇಬ ಸೋಮಣರು, ಬೆಳಗಾವಿಯ ವಕೀಲರು. 1917ರಲ್ಲಿ ಬಿಹಾರದ ಚಂಪಾರಣ್ಯದಲ್ಲಿ ನೀಲಿಯ ಬೆಳೆಗಾರ ರೈತರ ಕಷ್ಟಗಳನ್ನು ವಿಚಾರಿಸುತ್ತಿದ್ದ ಗಾಂಧೀಜಿಯವರು, ಹಳ್ಳಿಗಳಲ್ಲಿ ಶಾಲೆಗಳನ್ನು ನಡೆಸುವುದಕ್ಕೆ ಸಂಬಳವಿಲ್ಲದ ಸ್ವಯಂಸೇವಕರು ಬೇಕೆಂದು ಕರೆಯಿತ್ತಾಗ, ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ಸೋಮಣರನ್ನೂ ಪುಂಡಲೀಕರನ್ನೂ ಕಳುಹಿಸಿಕೊಟ್ಟರೆಂಬುದು ಮಹಾತ್ಮರ ಆತ್ಮಕಥೆಯಲ್ಲಿಯೇ ದಾಖಲಾಗಿದೆ. ಹಿಮಾಲಯದ ಬುಡದಲ್ಲಿದ್ದ ಭಿತಿಹರವಾ ಎಂಬ ಹಳ್ಳಿಯ ಶಾಲೆಯು ಕಸ್ತೂರಬಾ ಅವರ ಹಾಗೂ ಸೋಮಣರ ಪಾಲಿಗೆ ಬಂದಿತು. ಬಿದಿರು ಹುಲ್ಲುಗಳಿಂದ ಕಟ್ಟಿದ್ದ ಆ ಶಾಲೆಯನ್ನು ಒಂದು ರಾತ್ರಿ ಯಾರೋ ಸುಟ್ಟುಬಿಟ್ಟರು. ಮತ್ತೆ ಹುಲ್ಲಿನ ಗುಡಿಸಲನ್ನೆತ್ತುವುದು ಸರಿಯಲ್ಲವೆಂದು ಬಗೆದ ಸೋಮಣರು ಇಟ್ಟಿಗೆಯ ಕಟ್ಟಡಕ್ಕೆ ಕೈಹಾಕಿದರು. ಅವರ ದುಡಿಮೆಯನ್ನು ಕಂಡ ಹಳ್ಳಿಗರು ತಾವಾಗಿ ಬಂದು ಕೂಡಿಕೊಂಡುದರಿಂದ ಅದು ಬಹುಬೇಗ ಎದ್ದುನಿಂತಿತು. ಕೋರ್ಟಿನ ಕಲಾಪಗಳನ್ನು ಬಿಟ್ಟು ಅಷ್ಟು ದೂರ ಹೋದ ವಕೀಲನೊಬ್ಬನು ಇಟ್ಟಿಗೆ ಹೊತ್ತನೆಂಬ ಸಂಗತಿಯು ಆ ಕಾಲದ ಬೆಳಗಾವಿಯ ಸತ್ತ್ವವನ್ನು ತೋರಿಸುತ್ತದೆ.

ಅದೇ ಭಿತಿಹರವಾದ ಸಮೀಪದ ಹಳ್ಳಿಯೊಂದರಲ್ಲಿ ಮಲಿನವಸ್ತ್ರಗಳನ್ನುಟ್ಟಿದ್ದ ಹೆಂಗಸರನ್ನು, ಬಟ್ಟೆಯನ್ನೇಕೆ ಒಗೆಯುವುದಿಲ್ಲವೆಂದು ಕಸ್ತೂರಬಾ ವಿಚಾರಿಸಿದಾಗ, ಒಬ್ಬಾಕೆಯು ಅವರನ್ನು ತನ್ನ ಗುಡಿಸಲಿನೊಳಗೆ ಕರೆದೊಯ್ದು, ಪೆಟ್ಟಿಗೆಯಾಗಲಿ ಮತ್ತೊಂದು ಬಟ್ಟೆಯಾಗಲಿ ಇಲ್ಲದ ಆ ಮನೆಯನ್ನು ತೋರಿಸಿ, ಉಟ್ಟ ಸೀರೆಯೊಂದೇ ತನಗಿರುವುದೆಂದು ತಿಳಿಸಿದ ಪ್ರಸಂಗವು ಪ್ರಸಿದ್ಧವಾಗಿದೆ. ಮಗ್ಗದ ಸದ್ದಿನೊಡನೆ ಬೆಳೆದ ಶಹಾಪುರದವರಿಗೆ ಈ ಪ್ರಸಂಗವು ಇತರರಿಗಿಂತ ಹೆಚ್ಚು ನಾಟಬೇಕು. ಏಳು ವರ್ಷಗಳ ನಂತರ, 1924ರಲ್ಲಿ, ಗಂಗಾಧರರಾಯರ ಶ್ರಮದಿಂದಲೇ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನವು ಶಹಾಪುರಕ್ಕೆ ಅನತಿದೂರದ ಟಿಳಕವಾಡಿಯಲ್ಲಿ ನಡೆಯಿತು. ಆಗ ತೋಡಿಸಿದ ಕಾಂಗ್ರೆಸ್ ಬಾವಿಯನ್ನು ಬೆಳಗಾವಿಯ ಮಕ್ಕಳೆಲ್ಲರೂ ಬಲ್ಲರು. ರೋಹಿಣಿಯವರು ತಮ್ಮ ಬರಹ ಭಾಷಣಗಳಲ್ಲಿ ಅಜ್ಜನನ್ನು ಮತ್ತೆ ಮತ್ತೆ ಸ್ಮರಿಸಿ, ತಮ್ಮ ದಾನಬುದ್ಧಿಗೆ ಅವರೇ ಪ್ರೇರಣೆ ಎಂದಿದ್ದಾರೆ. ಸಮಾಜವೇ ಮೊದಲನೆಯದು, ಸರ್ಕಾರವೂ ಮಾರುಕಟ್ಟೆಯೂ ಅದರ ಸೇವೆಗೆಂದು ಹುಟ್ಟಿದವು ಎಂಬ ಅವರ ಮೂಲಸಿದ್ಧಾಂತವು, ಕಬಿನಿಯ ಕರಿಚಿರತೆಯ ದರ್ಶನಕ್ಕಾಗಿ ವರ್ಷಗಟ್ಟಲೆ ನಾಗರಹೊಳೆಯ ಕಾಡಿಗೆ ಹೋಗಿಬಂದ ಅವರ ವನಪ್ರೀತಿಯೊಡನೆ ಬೆರೆತು, ಅರಣ್ಯದ ದಾನಕ್ಕೂ ಒಂದು ದಾರಿಯನ್ನು ತೋರಿಸಿದೆ.

ಆ ದಾರಿಯಾವುದೆಂದರೆ, ಕಾಡನ್ನು ಬಲ್ಲವರಿಗೆ, ಬಲ್ಲುದನ್ನು ಇನ್ನಷ್ಟು ಅರಿಯಲು ಬೇಕಾದ ಕಾಲವನ್ನು ಕೊಡುವುದು. ರೋಹಿಣಿಯವರು ವಿಶ್ವಸ್ತರಾಗಿದ್ದ ಬೆಂಗಳೂರಿನ ‘ಏಟ್ರೀ’ ಪರಿಸರ ಸಂಶೋಧನ ಸಂಸ್ಥೆಯು 1996ರಲ್ಲಿ ಕಮಲಜಿತ್ ಬಾವಾ ಅವರಿಂದ ಸ್ಥಾಪಿತವಾದುದು. ಅದರ ವಿದ್ವಾಂಸರು ಬಿಳಿಗಿರಿರಂಗನ ಬೆಟ್ಟದ ಸೋಲಿಗರೊಡನೆ ದಶಕಗಳ ಕಾಲ ನಡೆದು, ನೆಲ್ಲಿಕಾಯಿಯ ಕೊಯ್ಲನ್ನೂ ಲಂಟಾನದ ಹಬ್ಬುವಿಕೆಯನ್ನೂ ಲೆಕ್ಕವಿಟ್ಟರು. ಬೇಸಗೆಯ ಮೊದಲಲ್ಲಿ ನೆಲದ ಒಣ ಎಲೆಗಳಿಗೆ ಇಡುತ್ತಿದ್ದ ‘ತರಗು ಬೆಂಕಿ’ಯನ್ನು ನಿಲ್ಲಿಸಿದ ಮೇಲೆ ಲಂಟಾನವೂ, ನೆಲ್ಲಿಯ ಮರಗಳ ಮೇಲಣ ಬದನಿಕೆಯೂ ಹೆಚ್ಚಿದವೆಂದು ಸೋಲಿಗರು ಹೇಳುತ್ತಿದ್ದ ಮಾತು ಬಹುಕಾಲ ಯಾರ ಕಿವಿಗೂ ಬಿದ್ದಿರಲಿಲ್ಲ, ಅದು ಸಂಶೋಧನೆಯ ವಿಷಯವಾದುದು ಈ ಒಡನಾಟದಿಂದ. ಸೋಲಿಗರ ದೇವನೆಲೆಗಳನ್ನು ಅವರೊಡನೆಯೇ ಸುತ್ತಿ ಭೂಪಟದಲ್ಲಿ ಗುರುತಿಸಿದ ಕಾರ್ಯವೂ ಅವರ ಹಕ್ಕಿನ ವಾದಕ್ಕೆ ನೆರವಾಯಿತು. 2011ರಲ್ಲಿ, ಆ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲಿಯೇ, ಅವರ ಸಮುದಾಯದ ಹಕ್ಕುಗಳು ಮನ್ನಣೆ ಪಡೆದವು. ಹುಲಿಯೂ ಮನುಷ್ಯನೂ ಒಂದೇ ಕಾಡಿನಲ್ಲಿ ಬಾಳುವ ಬಗೆಯನ್ನು ಹೀಗೆ ತಾಳ್ಮೆಯಿಂದ ಅರಸುವ ಉದ್ಯೋಗಕ್ಕೆ ಸರ್ಕಾರದ ವಾರ್ಷಿಕ ಆಯವ್ಯಯದಲ್ಲಿ ಸ್ಥಳ ದೊರೆಯುವುದು ಕಷ್ಟ. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸಬೇಕಾಗಿಲ್ಲದ ಖಾಸಗಿಯ ಹಣವು ಸಾರ್ಥಕವಾಗುವುದು ಇಂಥಲ್ಲಿ.

ಇಂಥ ದಾನಕ್ಕೆ ಇನ್ನೊಂದು ನಿದರ್ಶನವೂ ಉಂಟು. ಕೋಟ ಶಿವರಾಮ ಕಾರಂತರ ಪುತ್ರರಾದ ಉಲ್ಲಾಸ ಕಾರಂತರು 1984ರಲ್ಲಿ ಆರಂಭಿಸಿದ ವನ್ಯಜೀವಿ ಅಧ್ಯಯನ ಕೇಂದ್ರವು, 2015ರಿಂದ ಬಂಡೀಪುರ ನಾಗರಹೊಳೆಗಳ ಅಂಚಿನ ರೈತರಿಗೆ, ಆನೆ ತುಳಿದ ಬೆಳೆಗೂ ಹುಲಿ ಹಿಡಿದ ದನಕ್ಕೂ ಸರ್ಕಾರದ ಪರಿಹಾರ ದೊರೆಯುವಂತೆ ಅರ್ಜಿಗಳನ್ನು ಸಲ್ಲಿಸಲು ನೆರವಾಗುತ್ತಿದೆ. ಪರಿಹಾರದ ಹಣ ಸರ್ಕಾರದ್ದು. ದೂರವಾಣಿಯ ಕರೆ ಬಂದೊಡನೆ ಹೊಲಕ್ಕೆ ಬಂದು ಕಾಗದಪತ್ರಗಳನ್ನು ಸರಿಪಡಿಸುವ ತರುಣನ ಸಂಬಳ ಮಾತ್ರ ದಾನಿಗಳಿಂದ ಬರಬೇಕು. ಮೊತ್ತ ಸಣ್ಣದಾದರೂ, ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸೇಡಿನ ವಿಷಪ್ರಯೋಗಗಳು ತಗ್ಗುವುದಕ್ಕೆ ಇಂಥ ಸಂಬಳಗಳು ಬಹಳ ಮಟ್ಟಿಗೆ ನೆರವಾಗುತ್ತವೆಂದು ನಾನು ನಂಬುತ್ತೇನೆ.

ನಮ್ಮ ಖಾನಾಪುರದ ಅಡವಿಗೂ ಇಂಥ ದಾನದ ಋಣ ಹಳೆಯದು. ಮುಂಬಯಿಯ ನಿಸರ್ಗ ಇತಿಹಾಸ ಸಂಘವು 1911ರಲ್ಲಿ ಭಾರತದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಾಗ, ಸದಸ್ಯರೂ ಸಂಸ್ಥಾನಿಕರೂ ವ್ಯಾಪಾರಸ್ಥರೂ ಕೊಟ್ಟ ವಂತಿಗೆಯು ಅದಕ್ಕೆ ಆಧಾರವಾಯಿತು. ಆ ಸಮೀಕ್ಷೆಯ ಕಾಲದಲ್ಲಿಯೇ ಭೀಮಗಡದ ಕಾಡಿನ ತಳೇವಾಡಿ ಎಂಬ ಹಳ್ಳಿಯ ಬಳಿಯ ಬಾರಾಪೇಡೆ ಗವಿಯಲ್ಲಿ, ಉದ್ದನೆಯ ಕಿವಿಗಳು ಮುಖದ ಮೇಲೆ ಮುಂಚಾಚಿದ ಒಂದು ಅಪೂರ್ವ ಬಾವಲಿ ದೊರೆಯಿತು. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪಂಡಿತನು ಅದನ್ನು ಲೋಕಕ್ಕೆ ಪರಿಚಯಿಸುವಾಗ, ಸಮೀಕ್ಷೆಗೆ ಬೆನ್ನೆಲುಬಾಗಿದ್ದ, ಮುಂಬಯಿ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ರಾಟನ್ನನ ಹೆಸರನ್ನು ಅದಕ್ಕಿಟ್ಟನು. ಮುಂದೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಅದು ಕಾಣಿಸುವವರೆಗೆ, ಸುಮಾರು ಒಂಬತ್ತು ದಶಕಗಳ ಕಾಲ, ಇಡೀ ಭೂಮಂಡಲದಲ್ಲಿ ಅದರ ನೆಲೆಯೆಂದು ತಿಳಿದಿದ್ದುದು ಖಾನಾಪುರದ ಆ ಗವಿಯೊಂದೇ. 2011ರ ಡಿಸೆಂಬರಿನಲ್ಲಿ 190 ಚದರ ಕಿಲೋಮೀಟರುಗಳ ಭೀಮಗಡ ವನ್ಯಜೀವಿಧಾಮವು ಘೋಷಿತವಾಗುವುದಕ್ಕೆ ಮಹಾದಾಯಿಯ ಮೂಲದೊಡನೆ ಈ ಬಾವಲಿಯೂ ಬಲವಾದ ಕಾರಣವಾಯಿತು. ದಕ್ಷಿಣಕ್ಕೆ ಅಣಶಿಯ ರಾಷ್ಟ್ರೀಯ ಉದ್ಯಾನ, ಪಶ್ಚಿಮಕ್ಕೆ ಗೋವೆಯ ಮಹಾದಾಯಿ ಧಾಮ ಹಾಗೂ ಮೊಲ್ಲೆಂ ಉದ್ಯಾನ, ಉತ್ತರಕ್ಕೆ ಮಹಾರಾಷ್ಟ್ರದ ಸಹ್ಯಾದ್ರಿಯ ಕಾಡುಗಳು. ಇವುಗಳ ನಡುವೆ ಹುಲಿ ನಡೆದಾಡುವ ದಾರಿಯಲ್ಲಿ ಭೀಮಗಡವಿದೆ.

ಆ ತಳೇವಾಡಿಯ ಜನರೇ ಈಗ ಕಾಡಿನಿಂದ ಹೊರಬರಲು ಒಪ್ಪಿದ್ದಾರೆ. ಮಳೆಗಾಲದಲ್ಲಿ ಹೊಳೆಗಳು ತುಂಬಿ ದಾರಿ ಕಡಿಯುವುದರಿಂದಲೂ, ಆಸ್ಪತ್ರೆ ಶಾಲೆಗಳು ದೂರವಿರುವುದರಿಂದಲೂ ಬೇಸತ್ತ ಆ ಕುಟುಂಬಗಳಿಗೆ ತಲಾ 15 ಲಕ್ಷ ರೂಪಾಯಿಗಳ ಪರಿಹಾರದ ಮೊದಲ ಕಂತು 2025ರಲ್ಲಿ ಸರ್ಕಾರದಿಂದ ಸಂದಿತು. ಪೀಳಿಗೆಗಳಿಂದ ಭತ್ತ ಬೆಳೆದು, ದನ ಮೇಯಿಸಿ, ಕಾಡಿನ ನಡುವೆ ಬದುಕಿದವನಿಗೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂಡಿದ ಅಂಕೆಯು ಹೊಲವಾಗಿ, ಮನೆಯಾಗಿ, ಮಕ್ಕಳ ವಿದ್ಯೆಯಾಗಿ ಪರಿಣಮಿಸಬೇಕಾದರೆ ಹಲವು ವರ್ಷಗಳ ಒತ್ತಾಸೆ ಬೇಕು. ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿನಲ್ಲಿ ಹೊರಬಂದು ನೆಲೆನಿಂತುದನ್ನು ದೇಶವು ಮಾದರಿಯೆಂದು ಕೊಂಡಾಡುವುದಕ್ಕೆ, ಕೊಟ್ಟ ನೀರಾವರಿ ಭೂಮಿಯಷ್ಟೇ ಕಾರಣವಲ್ಲ; ಅಧಿಕಾರಿಗಳೊಡನೆ ಸೇರಿ ಆ ಜನರ ಬೆನ್ನಿಗೆ ಬಹುಕಾಲ ನಿಂತ ಸ್ಥಳೀಯ ವನ್ಯಜೀವಿ ಕಾರ್ಯಕರ್ತರೂ ಕಾರಣ. ತಳೇವಾಡಿಯವರಿಗೆ ಒಳ್ಳೆಯ ಹೊಲವನ್ನು ಸರಿಯಾದ ಬೆಲೆಗೆ ಹುಡುಕಿಕೊಡಬಲ್ಲ ವ್ಯವಹಾರಜ್ಞರು, ಹಕ್ಕುಪತ್ರಗಳನ್ನು ಶುಲ್ಕವಿಲ್ಲದೆ ನೋಡಿಕೊಡಬಲ್ಲ ವಕೀಲರು, ಹುಡುಗರಿಗೆ ವಸತಿಗೃಹದಲ್ಲಿ ಸ್ಥಳ ಕೊಡಬಲ್ಲ ಸಂಸ್ಥೆಗಳು ಶಹಾಪುರದಲ್ಲಿಯೂ ಬೆಳಗಾವಿಯಲ್ಲಿಯೂ ಧಾರಾಳವಾಗಿದ್ದಾರೆ. ಭೀಮಗಡದೊಳಗೆ ಇನ್ನೂ ಹನ್ನೆರಡು ಊರುಗಳಿವೆ. ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವ, ದೇಗಾಂವಗಳ ಜನರು, ಹೋಗಬೇಕೋ ಇರಬೇಕೋ ಎಂಬುದನ್ನು ತೀರ್ಮಾನಿಸುವ ಮುನ್ನ, ತಳೇವಾಡಿಯವರ ಬದುಕು ಹೊರಗೆ ಹೇಗೆ ಸಾಗುತ್ತದೆಂಬುದನ್ನು ನೋಡುತ್ತಿದ್ದಾರೆ.