ಮೂಳೆಗೆ ಬಲ ಬರುವುದೆಲ್ಲಿಂದ?

ಮೂಳೆಯೆಂದರೆ ಮೈಯೊಳಗೆ ನಿಲ್ಲಿಸಿದ ಕಲ್ಲುಕಂಬವೆಂಬ ಭಾವನೆ ಅನೇಕರಿಗುಂಟು. ವಾಸ್ತವವಾಗಿ ಅದು ಜೀವವುಳ್ಳ ವಸ್ತು. ಅದರಲ್ಲಿ ಕೆಲವು ಜೀವಕೋಶಗಳು ಹಳೆಯದನ್ನು ಕರಗಿಸುತ್ತಲೂ ಬೇರೆ ಕೆಲವು ಹೊಸದನ್ನು ಕಟ್ಟುತ್ತಲೂ ಇರುತ್ತವೆ. ಕಟ್ಟುವುದಕ್ಕಿಂತ ಕರಗುವುದು ಹೆಚ್ಚಾದಾಗ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಇದಕ್ಕೆ ಆಸ್ಟಿಯೊಪೊರೋಸಿಸ್, ಎಂದರೆ ಮೂಳೆಸವೆತ, ಎಂದು ಹೆಸರು. ನೋವಿಲ್ಲದೆ ಬೆಳೆಯುವುದೇ ಇದರ ಕೇಡು. ಬಚ್ಚಲಲ್ಲಿ ಜಾರಿದ ಅಜ್ಜಿಯ ತೊಡೆಯ ಮೂಳೆ ಮುರಿದಾಗಲೇ ಅನೇಕ ಮನೆಗಳಲ್ಲಿ ಇದರ ಸುಳಿವು ದೊರೆಯುವುದು. ಹಾಗೆ ಹಾಸಿಗೆ ಹಿಡಿದವರೆಲ್ಲರೂ ಮೊದಲಿನಂತೆ ನಡೆದಾಡಲಾರರು.

ಇದನ್ನು ತಡೆಯಲು ಮುಖ್ಯವಾಗಿ ಬೇಕಾದುವು ಮೂರು: ಕ್ಯಾಲ್ಸಿಯಂ, ಬಿಸಿಲು, ದುಡಿಮೆ. ಅಜ್ಜಂಪುರದ ಬಳಿಯ ಶಿವನಿಯಂಥ ಊರಿಗೆ ಇವು ಯಾವುವೂ ದೂರದ ವಸ್ತುಗಳಲ್ಲ.

ಮೊದಲು ರಾಗಿಯನ್ನು ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿರುವುದು 10 ಮಿಲಿಗ್ರಾಮಿನ ಆಸುಪಾಸು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಪಡಿಸಿತು. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಈ ಕ್ಯಾಲ್ಸಿಯಂ ಪೂರ್ತಿಯಾಗಿ ಮೈಗೆ ಹತ್ತದಂತೆ ತಡೆಯುತ್ತದೆ. ಮೊಳಕೆ ಬರಿಸಿದರೆ ಆ ತಡೆ ಕಡಮೆಯಾಗುತ್ತದೆ. ಮುದ್ದೆಯ ಜೊತೆಗೆ ಹಾಲು ಮೊಸರುಗಳಿದ್ದರೆ ಕೊರತೆ ತುಂಬುವುದು ಸುಲಭ.

ಉಂಡ ಕ್ಯಾಲ್ಸಿಯಂ ರಕ್ತಕ್ಕೆ ಸೇರಬೇಕಾದರೆ ಡಿ ಜೀವಸತ್ವ ಬೇಕು. ಬಿಸಿಲಿನಲ್ಲಿರುವ, ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಕಿರಣಗಳು ಬಿದ್ದಾಗ ನಮ್ಮ ಚರ್ಮವೇ ಅದನ್ನು ತಯಾರಿಸುತ್ತದೆ. ಸೂರ್ಯನು ಓರೆಯಾಗಿದ್ದರೆ ಕಿರಣಗಳು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಬೇಕಾಗಿ, ಓಜೋನ್ ಅವುಗಳನ್ನು ಬಹುಪಾಲು ಹೀರಿಬಿಡುತ್ತದೆ. ಇದನ್ನು ತಿಳಿಯಲು ಯಂತ್ರವೇನೂ ಬೇಡ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಸಾಕಷ್ಟಿದೆಯೆಂದು ತಿಳಿಯಬಹುದು. ಶಿವನಿಯಿರುವುದು 13 ಮತ್ತು 14 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ. ಡಿಸೆಂಬರ್ 22ರ ನಡುಹಗಲಿನಲ್ಲಿಯೂ ಅಲ್ಲಿ ನೆರಳು ಎತ್ತರದ ಮುಕ್ಕಾಲು ಪಾಲು ಮಾತ್ರ. ಅದೇ ದಿನ ಲಂಡನ್ನಿನಲ್ಲಿ ಮೂರೂವರೆ ಪಾಲಿಗೂ ಹೆಚ್ಚು. ಎಂದರೆ ನಮಗೆ ವರ್ಷವಿಡೀ ಈ ಕಿರಣ ಲಭ್ಯ. ಆದರೆ ಗಾಜಿನ ಕಿಟಕಿಯ ಹಿಂದೆ ಕುಳಿತವರಿಗೆ ಅದು ದೊರೆಯದು.

ಮೂರನೆಯದು ದುಡಿಮೆ. ಹೊರೆ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ, ಹೊರೆ ತಪ್ಪಿದಲ್ಲಿ ಸವೆಯುತ್ತದೆಯೆಂಬ ತತ್ತ್ವವನ್ನು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ತೂಕದ ಅನುಭವವೇ ಇಲ್ಲದ ಅಂತರಿಕ್ಷದಲ್ಲಿ ಯಾತ್ರಿಕರ ಸೊಂಟದ ಮೂಳೆ ತಿಂಗಳಿಗೆ ಸುಮಾರು ಶೇಕಡ 1ರಷ್ಟು ಸವೆಯುವುದು ಇದಕ್ಕೆ ಸಾಕ್ಷಿ. ಬೀಸುವ ಕಲ್ಲು ಮೂಲೆ ಸೇರಿದುದಕ್ಕೆ ದುಃಖಿಸಬೇಕಾಗಿಲ್ಲ. ಅದು ಕೊಡುತ್ತಿದ್ದ ಹೊರೆಯನ್ನು ಬಿರುಸು ನಡಿಗೆಯಿಂದಲೋ ಮೆಟ್ಟಿಲು ಹತ್ತುವುದರಿಂದಲೋ ತುಂಬಿಕೊಂಡರಾಯಿತು.

ಕೊನೆಗೊಂದು ಮಾತು. ಮೂಳೆಯ ಗಳಿಕೆ ಹೆಚ್ಚುಕಡಮೆ 30ರ ವಯಸ್ಸಿಗೆ ಮುಗಿಯುತ್ತದೆ. ಮುಂದಿನದು ಖರ್ಚಿನ ಕಾಲ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಆ ಖರ್ಚು ತೀವ್ರವಾಗುವುದರಿಂದ, ಆ ವಯಸ್ಸಿನವರು ವೈದ್ಯರ ಸಲಹೆಯಂತೆ ಮೂಳೆಯ ಸಾಂದ್ರತೆಯನ್ನು ಅಳೆಯಿಸಿಕೊಳ್ಳುವುದು ಲೇಸು. ಆದರೆ ಗಳಿಸಬೇಕಾದ ಕಾಲ ಬಾಲ್ಯ. ಮನೆಯ ಹಾಲಿನಲ್ಲಿಯೂ ಹೊರಗಿನ ಆಟದಲ್ಲಿಯೂ ಹೆಣ್ಣುಮಗುವಿಗೆ ಸಮಪಾಲು ಕೊಡುವ ತಾಯಿತಂದೆಯರು, ಅವಳ ಮುಪ್ಪಿನ ದಿನಗಳಿಗೆ ಈಗಲೇ ಊರುಗೋಲು ಕೊಟ್ಟಂತೆ.